ಡಬ್ಬಾ, ಪ್ಲಾಸ್ಮಾ, ಎಲ್‌ಇಡಿ, ಓಎಲ್‌ಇಡಿ: ನಿಮ್ಮ ಹಾಲ್‌ಗೆ ಯಾವ ಟಿವಿ?

ಹೋದ ತಿಂಗಳು ಹಾಸನದಿಂದ ಭಾವ ಫೋನ್ ಮಾಡಿದರು. ಅವರ ಪಕ್ಕದ ಮನೆಯವರು ಮಗನ ಹತ್ತಿರ ಅಮೆರಿಕಕ್ಕೆ ಹೊರಟಿದ್ದಾರೆ, ಮನೆ ಖಾಲಿ ಮಾಡುತ್ತಿದ್ದಾರೆ. ಗೋಡೆ ಮೇಲಿನ 50 ಇಂಚಿನ ಪ್ಲಾಸ್ಮಾ ಟಿವಿಯನ್ನು 5,000 ರೂಪಾಯಿಗೆ ಇಟ್ಟುಕೊಳ್ಳಿ ಅಂದಿದ್ದಾರೆ. ಭಾವನ ಮನೆಯಲ್ಲಿ 29 ಇಂಚಿನ ಡಬ್ಬಾ ಟಿವಿ ಇನ್ನೂ ಓಡುತ್ತಿದೆ. ಅಕ್ಕನಿಗೆ ಹೊಸ ಎಲ್‌ಇಡಿ ಬೇಕು. ಮಗನಿಗೆ ಓಎಲ್‌ಇಡಿ ಬೇಕು, ದುಡ್ಡು ಮಾತ್ರ ಅಪ್ಪನದು.

"ಹಳೇದು ಅಂದ್ರೆ ಹಳೇದೇ ಅಲ್ವಾ? ಯಾರೋ ಬಿಟ್ಟು ಹೋಗೋ ಟಿವಿ ನಮಗ್ಯಾಕೆ?" ಅಂತ ಅಕ್ಕ ಹಿಂದಿನಿಂದ ಕೂಗುತ್ತಿದ್ದಳು.

ಅಕ್ಕನ ಮಾತು ಫ್ರಿಜ್‌ಗೆ ಸರಿ, ಫೋನ್‌ಗೆ ಸರಿ. ಟಿವಿಗೆ ಅಷ್ಟು ಸಲೀಸಾಗಿ ಒಪ್ಪಲ್ಲ. 2013ರ ಒಂದು ಒಳ್ಳೆಯ ಪ್ಲಾಸ್ಮಾವನ್ನೂ ಇವತ್ತಿನ 25,000 ರೂಪಾಯಿಯ ಎಲ್‌ಇಡಿಯನ್ನೂ ಪಕ್ಕಪಕ್ಕ ಇಟ್ಟು, ರಾತ್ರಿ ಲೈಟ್ ಆರಿಸಿ ಒಂದು ಸಿನಿಮಾ ಹಾಕಿ ನೋಡಿ. ಹಳೆಯದೇ ಗೆಲ್ಲುತ್ತದೆ. ಅದೇ ಎರಡನ್ನೂ ಮಧ್ಯಾಹ್ನ 12 ಗಂಟೆಗೆ ಕಿಟಕಿ ಎದುರು ಇಟ್ಟು ನೋಡಿ. ಪ್ಲಾಸ್ಮಾದಲ್ಲಿ ಸೀರಿಯಲ್ ನಾಯಕಿಗಿಂತ ನಿಮ್ಮ ಮುಖವೇ ಚೆನ್ನಾಗಿ ಕಾಣುತ್ತದೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಸ್ವಲ್ಪ ಪ್ಲಾಸ್ಮಾ ಪಕ್ಷ. 2011ರಲ್ಲಿ ತಂದ 42 ಇಂಚಿನದು ನಮ್ಮ ಮನೆಯಲ್ಲಿ ಇನ್ನೂ ಇದೆ. ಆ ಒಲವನ್ನು ಕಳೆದು ಓದಿಕೊಳ್ಳಿ.

ಅಂಗಡಿಗೆ ಹೋಗುವ ಮೊದಲು

ಅಂಗಡಿಗೆ ಕಾಲಿಟ್ಟ ಮೇಲೆ ಯೋಚಿಸಲು ಬಿಡುವುದಿಲ್ಲ. ಅಲ್ಲಿ ನೂರು ಟ್ಯೂಬ್‌ಲೈಟ್ ಉರಿಯುತ್ತಿರುತ್ತವೆ, ಎಲ್ಲ ಟಿವಿಯಲ್ಲೂ ಹೂವು, ಮೀನು, ಗಿಳಿ ಓಡುತ್ತಿರುತ್ತವೆ. ಯಾವುದು ಜಾಸ್ತಿ ಹೊಳೆಯುತ್ತದೋ ಅದೇ ಚೆನ್ನಾಗಿದೆ ಅನಿಸುತ್ತದೆ. ಹಾಗಾಗಿ ಮನೆಯಲ್ಲೇ ಕೂತು ಕೆಲವು ಪ್ರಶ್ನೆಗೆ ಉತ್ತರ ಬರೆದುಕೊಳ್ಳಿ.

ಟಿವಿ ಇಡುವ ಕೋಣೆಯಲ್ಲಿ ಬೆಳಕು ಎಷ್ಟು? ನೀವು ನೋಡುವುದು ಹಗಲಲ್ಲೋ ರಾತ್ರಿಯಲ್ಲೋ? ನನ್ನ ಲೆಕ್ಕದಲ್ಲಿ ಇದೇ ಮೊದಲ ಪ್ರಶ್ನೆ. ಬೆಲೆ ಕೂಡ ಆಮೇಲೆ.

ಏನು ನೋಡುತ್ತೀರಿ? ಕ್ರಿಕೆಟ್, ಸಿನಿಮಾ, ಸೀರಿಯಲ್, ನ್ಯೂಸ್, ಗೇಮ್, ಒಂದೊಂದೂ ಪರದೆಯಿಂದ ಬೇರೆ ಬೇರೆ ಗುಣ ಕೇಳುತ್ತದೆ. ದಿನಕ್ಕೆ ಎಷ್ಟು ಗಂಟೆ, ಒಂದೇ ಚಾನೆಲ್ಲೋ ಬದಲಾಯಿಸುತ್ತಿರುತ್ತೀರೋ ಅನ್ನುವುದೂ ಮುಖ್ಯ.

ಎಲ್ಲಿ ಕೂತು ನೋಡುತ್ತೀರಿ? ಎಲ್ಲರೂ ಎದುರುಗಡೆ ಸೋಫಾದಲ್ಲಿ ಸಾಲಾಗಿ ಕೂರುವುದು ಜಾಹೀರಾತಿನಲ್ಲಿ ಮಾತ್ರ. ನಮ್ಮ ಮನೆಗಳಲ್ಲಿ ಅಜ್ಜಿ ದಿವಾನ್ ಮೇಲೆ ಒಂದು ಮೂಲೆಯಲ್ಲಿ, ಮಕ್ಕಳು ಚಾಪೆ ಮೇಲೆ, ಅಮ್ಮ ಅಡುಗೆಮನೆ ಬಾಗಿಲಿಗೆ ಒರಗಿಕೊಂಡು. ಪಕ್ಕದಿಂದ ನೋಡಿದರೂ ಬಣ್ಣ ಕೆಡದ ಪರದೆ ಬೇಕು.

ಉಳಿದದ್ದು ಎರಡು: ಕರೆಂಟ್ ಬಿಲ್, ಮತ್ತು ಕೆಟ್ಟರೆ ರಿಪೇರಿ ಮಾಡುವವರು ಊರಲ್ಲಿ ಇದ್ದಾರಾ ಅನ್ನುವುದು.

ಡಬ್ಬಾ ಟಿವಿ

ಪಿಕ್ಚರ್ ಟ್ಯೂಬಿನ ಮೂಲ 1897ರಲ್ಲಿ ಜರ್ಮನಿಯ ಕಾರ್ಲ್ ಫರ್ಡಿನಾಂಡ್ ಬ್ರೌನ್ ಮಾಡಿದ ಕೊಳವೆ. ಹಿಂದಿನ ಗನ್ನಿನಿಂದ ಎಲೆಕ್ಟ್ರಾನ್ ಹಾರಿ ಬಂದು ಮುಂದಿನ ಗಾಜಿಗೆ ಮೆತ್ತಿದ ಪುಡಿಗೆ ಬಡಿಯುತ್ತದೆ, ಪುಡಿ ಹೊಳೆಯುತ್ತದೆ. ಆ ಕಿರಣ ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ ಗೆರೆ ಎಳೆಯುತ್ತಾ ಹೋಗಬೇಕು. ನಮ್ಮ ದೇಶದ ಪದ್ಧತಿಯಲ್ಲಿ ಒಂದು ಚಿತ್ರಕ್ಕೆ 625 ಗೆರೆ. ಒಮ್ಮೆ ಬೆಸ ಗೆರೆ, ಒಮ್ಮೆ ಸಮ ಗೆರೆ, ಸೆಕೆಂಡಿಗೆ 50 ಸಲ.

ಕಿರಣ ಇಡೀ ಪರದೆಗೆ ತಿರುಗಬೇಕೆಂದರೆ ಹಿಂದೆ ಜಾಗ ಬೇಕು. ಡಬ್ಬಾಗೆ ಆ ಬೆನ್ನು ಬಂದದ್ದು ಅದರಿಂದ. ಒಳಗಿನದು ನಿರ್ವಾತ, ಹೊರಗಿನ ಗಾಳಿಯ ಒತ್ತಡ ತಡೆಯಲು ಗಾಜು ದಪ್ಪ ಇರಲೇಬೇಕು. ಪರದೆ ದೊಡ್ಡದಾದಷ್ಟೂ ಗಾಜು ಇನ್ನೂ ದಪ್ಪ. 29 ಇಂಚಿನದೇ 40 ಕೆ.ಜಿ. ಆಸುಪಾಸು ತೂಗುತ್ತಿತ್ತು. ಸೋನಿ ಹಿಂದೊಮ್ಮೆ 43 ಇಂಚಿನ ಟ್ಯೂಬ್ ಟಿವಿ ಮಾಡಿತ್ತು, ಅದರ ತೂಕ ಸುಮಾರು 200 ಕೆ.ಜಿ. ಅಲ್ಲಿಂದ ಮುಂದೆ ದಾರಿ ಇರಲಿಲ್ಲ.

ಇನ್ನೂ ಕೆಲವು ಕಾಟ ಇದ್ದವು. ಹತ್ತಿರ ಸ್ಪೀಕರ್ ಇಟ್ಟರೆ ಮೂಲೆಯಲ್ಲಿ ಹಸಿರು-ನೇರಳೆ ಕಲೆ. ಮಕ್ಕಳು ಅಯಸ್ಕಾಂತ ಹಿಡಿದರಂತೂ ಮುಗಿದೇ ಹೋಯ್ತು. ಅಂಚಿನಲ್ಲಿ ಗೆರೆ ಬಾಗುತ್ತಿತ್ತು, ಬಿಳಿ ಪರದೆ ಬಂದಾಗ ಮಿಣುಕು ಕಾಣುತ್ತಿತ್ತು.

ಆದರೂ ಡಬ್ಬಾ ಕೊಡುತ್ತಿದ್ದ ಮೂರು ಸುಖ ಇತ್ತು. ಕಪ್ಪು ನಿಜವಾಗಿ ಕಪ್ಪಗಿರುತ್ತಿತ್ತು. ಯಾವ ಮೂಲೆಯಿಂದ ನೋಡಿದರೂ ಬಣ್ಣ ಒಂದೇ. ಓಡುವ ಚೆಂಡು ಕಲಸುತ್ತಿರಲಿಲ್ಲ. ಈ ಮೂರನ್ನು ನೆನಪಿಟ್ಟುಕೊಳ್ಳಿ, ಮುಂದಿನ ಕಥೆಯೆಲ್ಲ ಇವುಗಳದ್ದೇ.

ಇವತ್ತು ಡಬ್ಬಾ ಇಟ್ಟುಕೊಳ್ಳಬೇಕಾದವರು ಯಾರು? ಹಳೆ ಕಾರ್ಟ್ರಿಜ್ ವಿಡಿಯೋ ಗೇಮ್ ಇರುವವರು. ಬಾತುಕೋಳಿಗೆ ಗುಂಡು ಹೊಡೆಯುವ ಆ ಪ್ಲಾಸ್ಟಿಕ್ ಗನ್ ಕೆಲಸ ಮಾಡುವುದು ಪಿಕ್ಚರ್ ಟ್ಯೂಬ್ ಎದುರಿಗೆ ಮಾತ್ರ. ಅದು ಕಿರಣದ ಮಿಂಚಿಗೆ ಕಾಯುತ್ತದೆ, ಎಲ್‌ಇಡಿಯಲ್ಲಿ ಆ ಮಿಂಚೇ ಇಲ್ಲ. ಮಾಮೂಲಿ ಚಾನೆಲ್ ಮಾತ್ರ ನೋಡುವ ಅಜ್ಜ-ಅಜ್ಜಿಗೂ ಡಬ್ಬಾ ಸಾಕು. ಎಚ್‌ಡಿ ಅಲ್ಲದ ಚಾನೆಲ್ ದೊಡ್ಡ 4ಕೆ ಪರದೆಗಿಂತ ಅದರಲ್ಲೇ ನೀಟಾಗಿ ಕಾಣುತ್ತದೆ. ಎಸೆಯುವುದಾದರೆ ಸುಮ್ನೆ ಗುಜರಿಗೆ ಹಾಕಬೇಡಿ. ಆ ಗಾಜಿನಲ್ಲಿ ಸೀಸ ಇರುತ್ತದೆ, ಇ-ತ್ಯಾಜ್ಯ ತಗೊಳ್ಳುವವರಿಗೆ ಕೊಡಿ. ಬಿಚ್ಚಲಂತೂ ಹೋಗಬೇಡಿ. ಟ್ಯೂಬಿಗೆ 25,000 ವೋಲ್ಟ್ ಮಟ್ಟದ ವಿದ್ಯುತ್ ಹೋಗುತ್ತಿರುತ್ತದೆ, ಪ್ಲಗ್ ಕಿತ್ತ ಮೇಲೂ ಒಳಗೆ ಉಳಿದಿರಬಹುದು.

ಪ್ಲಾಸ್ಮಾ ಏನು ಬದಲಾಯಿಸಿತು

ನಿಮ್ಮ ಮನೆಯ ಹಳೆ ಟ್ಯೂಬ್‌ಲೈಟ್ ಗೊತ್ತಲ್ಲ? ಒಳಗಿನ ಅನಿಲಕ್ಕೆ ಕರೆಂಟ್ ಕೊಟ್ಟರೆ ಕಣ್ಣಿಗೆ ಕಾಣದ ನೇರಳಾತೀತ ಬೆಳಕು ಹೊರಡುತ್ತದೆ. ಅದು ಗಾಜಿನ ಒಳಗೋಡೆಗೆ ಬಳಿದ ಪುಡಿಗೆ ತಾಗಿ ಬಿಳಿ ಬೆಳಕಾಗುತ್ತದೆ. ಪ್ಲಾಸ್ಮಾ ಟಿವಿ ಅಂದರೆ ಅದೇ ಟ್ಯೂಬ್‌ಲೈಟ್, ತೀರಾ ಪುಟಾಣಿ ಗಾತ್ರದಲ್ಲಿ, ಲಕ್ಷಗಟ್ಟಲೆ. ಎರಡು ಗಾಜಿನ ಹಾಳೆ ನಡುವೆ ಸಣ್ಣ ಸಣ್ಣ ಗೂಡು, ಗೂಡಿನಲ್ಲಿ ನಿಯಾನ್ ಮತ್ತು ಜೆನಾನ್ ಅನಿಲ, ಗೋಡೆಗೆ ಕೆಂಪು, ಹಸಿರು, ನೀಲಿ ಪುಡಿ. ನನ್ನ 42 ಇಂಚಿನದರಲ್ಲಿ ಅಡ್ಡಕ್ಕೆ 1024, ಉದ್ದಕ್ಕೆ 768 ಚುಕ್ಕೆ, ಒಂದೊಂದಕ್ಕೂ ಮೂರು ಗೂಡು. ಲೆಕ್ಕ ಹಾಕಿದರೆ 23 ಲಕ್ಷ ದಾಟುತ್ತದೆ. ಫುಲ್ ಎಚ್‌ಡಿ ಪ್ಲಾಸ್ಮಾದಲ್ಲಿ 62 ಲಕ್ಷ.

ಈಗ ಡಬ್ಬಾದ ಕಾಟಗಳನ್ನು ಒಂದೊಂದಾಗಿ ಇದರ ಎದುರು ಇಡಿ. ಗನ್ನೂ ಇಲ್ಲ, ಕಿರಣವೂ ಇಲ್ಲ, ಹಾಗಾಗಿ ಬೆನ್ನು ಬೇಡ. ಪರದೆ ಎಷ್ಟು ದೊಡ್ಡದಾದರೂ ದಪ್ಪ ಕೆಲವೇ ಇಂಚು. ಪ್ಯಾನಸೋನಿಕ್ 2008ರಲ್ಲಿ 150 ಇಂಚಿನ ಪ್ಲಾಸ್ಮಾ ತೋರಿಸಿತು. ಪ್ರತಿ ಗೂಡಿನ ಜಾಗ ಗಟ್ಟಿ, ಹಾಗಾಗಿ ಅಂಚಿನಲ್ಲಿ ಗೆರೆ ಬಾಗುವುದಿಲ್ಲ. ಅಯಸ್ಕಾಂತದ ಕಲೆಯೂ ಇಲ್ಲ, ಸ್ಪೀಕರ್ ಪಕ್ಕದಲ್ಲೇ ಇಡಬಹುದು. ಇಷ್ಟೆಲ್ಲ ಸರಿಮಾಡಿಯೂ ಡಬ್ಬಾದ ಮೂರು ಸುಖವನ್ನು ಅದು ಹೆಚ್ಚು ಕಡಿಮೆ ಉಳಿಸಿಕೊಂಡಿತು. ನನ್ನ ಕಣ್ಣಿಗೆ ಪ್ಲಾಸ್ಮಾದ ದೊಡ್ಡಸ್ತಿಕೆ ಇದೇ.

ಕಪ್ಪನ್ನೇ ತಗೊಳ್ಳಿ. ಇದು ಎಲ್ಲಿ ಕಾಣುತ್ತದೆ ಅಂದರೆ, ಒಂದು ರಾತ್ರಿ ಯಕ್ಷಗಾನದ ರೆಕಾರ್ಡಿಂಗ್ ಹಾಕಿ. ಬಯಲಾಟ, ಹಿಂದೆಲ್ಲ ಕತ್ತಲು, ರಂಗದ ಮೇಲೆ ಮಾತ್ರ ಬೆಳಕು. ಪ್ಲಾಸ್ಮಾದಲ್ಲಿ ಆ ಕತ್ತಲು ಕತ್ತಲಾಗೇ ಇರುತ್ತದೆ, ಬಣ್ಣದ ವೇಷದ ಕೆಂಪು ಅದರೊಳಗಿಂದ ಎದ್ದು ಬರುತ್ತದೆ. ಕಿರೀಟದ ಒಂದೊಂದು ಹೊಳಪೂ ಬೇರೆ ಬೇರೆ ಕಾಣುತ್ತದೆ. ಅದೇ ವಿಡಿಯೋವನ್ನು ಅಗ್ಗದ ಎಲ್‌ಇಡಿಯಲ್ಲಿ ಹಾಕಿದರೆ ಬಯಲಿನ ಕತ್ತಲಿಗೆ ಬೂದಿ ಎರಚಿದ ಹಾಗಿರುತ್ತದೆ. ಪ್ಲಾಸ್ಮಾದಲ್ಲಿ ಗೂಡು ಬೆಳಗದಿದ್ದರೆ ಅಲ್ಲಿ ಬೆಳಕು ಇಲ್ಲದಷ್ಟೇ ಕಡಿಮೆ. ಎಲ್‌ಇಡಿಯಲ್ಲಿ ಹಿಂದೆ ಲೈಟ್ ಉರಿಯುತ್ತಲೇ ಇರುತ್ತದೆ, ಮುಂದಿನ ಪರದೆ ಅದನ್ನು ತಡೆಯಲು ನೋಡುತ್ತದೆ, ಪೂರ್ತಿ ತಡೆಯಲಾಗುವುದಿಲ್ಲ.

ಕ್ರಿಕೆಟ್ ವಿಷಯ ಇನ್ನೊಂದು. ಎಲ್‌ಇಡಿಯಲ್ಲಿ ಒಂದು ಚಿತ್ರ ಮುಂದಿನ ಚಿತ್ರ ಬರುವವರೆಗೂ ಹಾಗೇ ನಿಂತಿರುತ್ತದೆ. ನಮ್ಮ ಕಣ್ಣು ಮಾತ್ರ ಚೆಂಡಿನ ಜೊತೆ ಓಡುತ್ತಿರುತ್ತದೆ. ನಿಂತ ಚಿತ್ರ, ಓಡುವ ಕಣ್ಣು, ಚೆಂಡಿಗೆ ಬಾಲ ಬರುತ್ತದೆ. ಡಬ್ಬಾದಲ್ಲೂ ಪ್ಲಾಸ್ಮಾದಲ್ಲೂ ಬೆಳಕು ಮಿಂಚಿ ಆರುತ್ತದೆ, ಅದಕ್ಕೇ ಬಾಲ ಕಡಿಮೆ. ಪ್ಲಾಸ್ಮಾ ಮೇಲೆ 600 ಹರ್ಟ್ಜ್ ಅನ್ನುವ ಸ್ಟಿಕ್ಕರ್ ನೋಡಿರುತ್ತೀರಿ. ಸೆಕೆಂಡಿಗೆ 600 ಚಿತ್ರ ಅಂತ ಅಲ್ಲ ಅದು. ಗೂಡಿಗೆ ಗೊತ್ತಿರುವುದು ಹತ್ತುವುದು, ಆರುವುದು ಎರಡೇ. ನಸು ಬಣ್ಣ ಬೇಕೆಂದರೆ ಒಂದೇ ಚಿತ್ರದೊಳಗೆ ಹಲವು ಸಲ ಹತ್ತಿ ಆರಬೇಕು. ಒಂದು ಚಿತ್ರವನ್ನು 12 ತುಂಡು ಮಾಡಿದರೆ, 50 ಗುಣಿಸು 12, ಅಲ್ಲಿಗೆ 600. ಎಲ್‌ಇಡಿ ಮೇಲಿನ ಹರ್ಟ್ಜ್ ಜೊತೆ ಅದನ್ನು ಹೋಲಿಸುವುದು ಲೀಟರನ್ನು ಮೀಟರ್ ಜೊತೆ ಹೋಲಿಸಿದ ಹಾಗೆ.

ಈ ಪರದೆ ಹುಟ್ಟಿದ್ದು ಟಿವಿಗೆ ಅಂತಲೂ ಅಲ್ಲ. 1964ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಡೊನಾಲ್ಡ್ ಬಿಟ್ಜರ್, ಜೀನ್ ಸ್ಲಾಟೋ ಮತ್ತು ಅವರ ವಿದ್ಯಾರ್ಥಿ ರಾಬರ್ಟ್ ವಿಲ್ಸನ್ ಇದನ್ನು ಮಾಡಿದ್ದು ಪ್ಲೇಟೋ ಅನ್ನುವ ಪಾಠ ಕಲಿಸುವ ಕಂಪ್ಯೂಟರಿಗಾಗಿ. ಪಿಕ್ಚರ್ ಟ್ಯೂಬಿಗೆ ಕಂಪ್ಯೂಟರ್ ಚಿತ್ರವನ್ನು ಪದೇ ಪದೇ ಕಳಿಸುತ್ತಿರಬೇಕಿತ್ತು, ಅದಕ್ಕೆ ಮೆಮೊರಿ ಬೇಕು, ಆ ಕಾಲದಲ್ಲಿ ಮೆಮೊರಿ ವಿಪರೀತ ದುಬಾರಿ. ಪ್ಲಾಸ್ಮಾದ ಗೂಡು ಒಮ್ಮೆ ಹತ್ತಿದರೆ ಆರಿಸುವವರೆಗೂ ಹತ್ತಿಕೊಂಡೇ ಇರುತ್ತಿತ್ತು, ಪರದೆಯೇ ಮೆಮೊರಿ. ಬಣ್ಣ ಮಾತ್ರ ಒಂದೇ, ಕಿತ್ತಳೆ. ಮನೆಗೆ ಬರುವಂಥ 42 ಇಂಚಿನ ಬಣ್ಣದ ಪ್ಲಾಸ್ಮಾ ಮಾರುಕಟ್ಟೆಗೆ ಬಂದದ್ದು 1997ರ ಹೊತ್ತಿಗೆ, ಬೆಲೆ ಸುಮಾರು 15,000 ಡಾಲರ್.

ಹಾಗಿದ್ದರೆ ಯಾಕೆ ಸತ್ತಿತು?

ಜಪಾನಿನ ಪಯೊನಿಯರ್ ಕಂಪನಿ 2009ರಲ್ಲಿ ಟಿವಿ ವ್ಯಾಪಾರ ಬಿಡುವುದಾಗಿ ಹೇಳಿತು. ಅವರ ಕುರೋ ಮಾದರಿಯ ಕಪ್ಪನ್ನು ಜನ ಇವತ್ತಿಗೂ ನೆನೆಯುತ್ತಾರೆ. ಜಪಾನಿ ಭಾಷೆಯಲ್ಲಿ ಕುರೋ ಅಂದರೂ ಕಪ್ಪೇ. ಪ್ಯಾನಸೋನಿಕ್ 2013ರ ಅಕ್ಟೋಬರ್‌ನಲ್ಲಿ ಪ್ಲಾಸ್ಮಾ ನಿಲ್ಲಿಸುವುದಾಗಿ ಹೇಳಿತು. ಸ್ಯಾಮ್‌ಸಂಗ್, ಎಲ್‌ಜಿ 2014ರಲ್ಲಿ ಕೈಬಿಟ್ಟವು. ಅಂದರೆ ಇವತ್ತು ಸಿಗುವ ಯಾವ ಪ್ಲಾಸ್ಮಾಗೂ ಹತ್ತು ವರ್ಷ ದಾಟಿದೆ.

ಒಂದು ಕಾರಣ ಅಂಗಡಿಯ ಆ ನೂರು ಟ್ಯೂಬ್‌ಲೈಟ್. ಅಷ್ಟು ಬೆಳಕಿನಲ್ಲಿ ಪ್ಲಾಸ್ಮಾ ಮಂಕಾಗಿ ಕಾಣುತ್ತಿತ್ತು, ಮುಂದಿನ ಗಾಜಿನಲ್ಲಿ ಅಂಗಡಿಯೆಲ್ಲ ಪ್ರತಿಬಿಂಬ. ಪಕ್ಕದ ಎಲ್‌ಸಿಡಿ ಮಿರಮಿರ ಮಿಂಚುತ್ತಿತ್ತು. ಪೂರ್ತಿ ಬಿಳಿ ಚಿತ್ರ ಬಂದರೆ ಪ್ಲಾಸ್ಮಾ ತಾನಾಗೇ ಬೆಳಕು ತಗ್ಗಿಸುತ್ತದೆ, ಇಲ್ಲದಿದ್ದರೆ ಅಷ್ಟು ಗೂಡಿಗೆ ಕರೆಂಟ್ ಸಾಲುವುದಿಲ್ಲ.

ಇನ್ನೊಂದು ಆ ಕರೆಂಟೇ. 50 ಇಂಚಿನ ಪ್ಲಾಸ್ಮಾ ಸರಾಸರಿ 300 ವಾಟ್ ಎಳೆಯುತ್ತದೆ ಅಂತಿಟ್ಟುಕೊಳ್ಳಿ. ದಿನಕ್ಕೆ 5 ಗಂಟೆ, ತಿಂಗಳಿಗೆ 45 ಯೂನಿಟ್. 43 ಇಂಚಿನ ಎಲ್‌ಇಡಿ 70 ವಾಟ್ ಅಂದರೆ ಹತ್ತೂವರೆ ಯೂನಿಟ್. 29 ಇಂಚಿನ ಡಬ್ಬಾ 120 ವಾಟ್ ಅಂದರೆ 18. ಯೂನಿಟ್‌ಗೆ 6 ರೂಪಾಯಿ ಹಿಡಿದರೆ ಪ್ಲಾಸ್ಮಾಗೂ ಎಲ್‌ಇಡಿಗೂ ತಿಂಗಳಿಗೆ 200 ರೂಪಾಯಿ ವ್ಯತ್ಯಾಸ, ಐದು ವರ್ಷಕ್ಕೆ 12,000 ಮೇಲೆ. 5,000ದ ಟಿವಿ ಅಲ್ಲಿಗೆ 17,000 ಆಯ್ತು. ಗೃಹಜ್ಯೋತಿಯಲ್ಲಿ ಇರುವವರು ಇನ್ನೂ ಹುಷಾರು. ನೀವು ಈಗಾಗಲೇ 170-180 ಯೂನಿಟ್ ಹತ್ತಿರ ಇದ್ದರೆ ಈ ಒಂದು ಟಿವಿ ನಿಮ್ಮನ್ನು 200 ದಾಟಿಸಬಹುದು, ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. ಕರೆಂಟ್ ಹೋದಾಗ ಯುಪಿಎಸ್ ಮೇಲೆ ಪ್ಲಾಸ್ಮಾ ಹಾಕುವ ಆಸೆಯನ್ನಂತೂ ಬಿಟ್ಟುಬಿಡಿ.

ಮೂರನೆಯದು ಅಚ್ಚು. ನಮ್ಮ ಊರಿನ ಒಂದು ಹೋಟೆಲ್‌ನಲ್ಲಿ ಕ್ಯಾಶ್ ಕೌಂಟರ್ ಮೇಲೆ ಒಂದು ಪ್ಲಾಸ್ಮಾ ಇತ್ತು. ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಒಂದೇ ನ್ಯೂಸ್ ಚಾನೆಲ್. ನಮ್ಮ ನ್ಯೂಸ್ ಚಾನೆಲ್‌ಗಳು ಗೊತ್ತಲ್ಲ, ಪರದೆಯ ಮುಕ್ಕಾಲು ಭಾಗ ಪಟ್ಟಿಗಳೇ. ಒಂದು ಭಾನುವಾರ ಕ್ರಿಕೆಟ್ ಹಾಕಿದ್ದರು. ಹಸಿರು ಮೈದಾನದ ಮೇಲೆ, ಕೆಳಗಡೆ, ಮಸುಕಾಗಿ ಬ್ರೇಕಿಂಗ್ ನ್ಯೂಸ್ ಅನ್ನುವ ಅಕ್ಷರ. ಮ್ಯಾಚ್ ಪೂರ್ತಿ ಅದು ಅಲ್ಲೇ ಕೂತಿತ್ತು. ಒಂದೇ ಜಾಗದ ಪುಡಿ ಜಾಸ್ತಿ ಸವೆದರೆ ಹೀಗೆ. ಹಳೆ ಸಿನಿಮಾದ ಚೌಕ ಚಿತ್ರದ ಎಡಬಲದ ಕಪ್ಪು ಪಟ್ಟಿ ಕೂಡ ದಿನವೂ ಹಾಕಿದರೆ ಗುರುತು ಬಿಡುತ್ತದೆ. ಕೆಲವು ಗಂಟೆಯಲ್ಲಿ ಮಾಯವಾಗುವ ನೆರಳಿಗೆ ಹೆದರಬೇಡಿ, ಅದು ಬೇರೆ. ವಾರ ಕಳೆದರೂ ಹೋಗದ್ದು ಅಚ್ಚು.

ಸುಳ್ಳು ಕಾರಣವೂ ಒಂದಿತ್ತು: ಫ್ರಿಜ್ ಥರ ಪ್ಲಾಸ್ಮಾಗೂ ಗ್ಯಾಸ್ ತುಂಬಿಸುತ್ತಿರಬೇಕು ಅನ್ನುವುದು. ಅಂಗಡಿಯವರೇ ನನಗೆ ಹೀಗೆ ಹೇಳಿದ್ದರು. ಗೂಡು ಕಾರ್ಖಾನೆಯಲ್ಲೇ ಮುಚ್ಚಿರುತ್ತದೆ, ತುಂಬಿಸುವ ಬಾಯಿಯೇ ಇಲ್ಲ.

ಎಲ್‌ಇಡಿ ಮತ್ತು ಅದರ ಅಣ್ಣತಮ್ಮಂದಿರು

ಎಲ್‌ಇಡಿ ಟಿವಿ ಅಂದರೆ ಎಲ್‌ಸಿಡಿಯೇ. ಹಿಂದೆ ತೆಳು ಟ್ಯೂಬ್ ಉರಿಯುತ್ತಿತ್ತು, ಈಗ ಎಲ್‌ಇಡಿ ಉರಿಯುತ್ತದೆ, ಅಷ್ಟೇ. ಕ್ಯೂಎಲ್‌ಇಡಿ ಕೂಡ ಇದೇ ವಂಶ, ಬಣ್ಣಕ್ಕೆ ಒಂದು ಪದರ ಜಾಸ್ತಿ. ಇಂಗ್ಲಿಷಿನ ಓ ಅಕ್ಷರಕ್ಕೆ ಸಣ್ಣ ಬಾಲ ಎಳೆದರೆ ಕ್ಯೂ ಆಗುತ್ತದೆ ನೋಡಿ, ಆ ಬಾಲ ಕಾಣದೆ ಮೋಸಹೋದವರು ಬೇಕಾದಷ್ಟು ಜನ. ಮಿನಿ ಎಲ್‌ಇಡಿಯಲ್ಲಿ ಹಿಂದಿನ ಲೈಟನ್ನು ನೂರಾರು ಭಾಗ ಮಾಡಿ, ಕತ್ತಲಿರುವ ಕಡೆ ಮಾತ್ರ ಆರಿಸುತ್ತಾರೆ. ಕಪ್ಪು ತುಂಬಾ ಸುಧಾರಿಸುತ್ತದೆ.

ಹಗಲಿನ ಹಾಲ್‌ಗೆ, ದಿನವಿಡೀ ಓಡುವ ಟಿವಿಗೆ, ಬಿಲ್‌ಗೆ ಹೆದರುವವರಿಗೆ ಎಲ್‌ಇಡಿಯೇ ಸರಿ. 43 ಇಂಚಿನದು ಸಾಮಾನ್ಯವಾಗಿ ಹತ್ತು ಕೆ.ಜಿ. ಒಳಗೆ, ಒಬ್ಬರೇ ಎತ್ತಬಹುದು. ಅಚ್ಚಿನ ಭಯ ಇಲ್ಲದಷ್ಟೇ ಕಡಿಮೆ. ರಿಪೇರಿಯವರು ತಾಲ್ಲೂಕಿಗೊಬ್ಬರು ಸಿಗುತ್ತಾರೆ. ಧ್ವನಿ ಬರುತ್ತೆ, ಚಿತ್ರ ಬರಲ್ಲ ಅಂದರೆ ಹೆಚ್ಚಿನ ಸಲ ಬ್ಯಾಕ್‌ಲೈಟ್ ಸ್ಟ್ರಿಪ್ ಹೋಗಿರುತ್ತದೆ, ಬದಲಾಯಿಸಿಕೊಡುತ್ತಾರೆ. ಪ್ಯಾನೆಲ್ ಒಡೆದರೆ ಮಾತ್ರ ಹೊಸ ಟಿವಿಯೇ ತಗೊಳ್ಳಬೇಕು, ಟಿವಿ ಬೆಲೆಯ ಹೆಚ್ಚಿನ ಪಾಲು ಪ್ಯಾನೆಲ್‌ಗೇ ಹೋಗುತ್ತದೆ.

ಅಂಗಡಿಯಲ್ಲಿ ಒಂದು ಕೆಲಸ ಮಾಡಿ. ಗಿಳಿ-ಮೀನು ನಿಲ್ಲಿಸಿ ಮಾಮೂಲಿ ಚಾನೆಲ್ ಹಾಕಿಸಿ, ಆಮೇಲೆ ಗೋಡೆ ಪಕ್ಕಕ್ಕೆ ಹೋಗಿ ಓರೆಯಾಗಿ ನೋಡಿ. ಎಲ್‌ಇಡಿ ಪರದೆಯಲ್ಲಿ ವಿಎ, ಐಪಿಎಸ್ ಅಂತ ಎರಡು ಮುಖ್ಯ ಬಗೆ. ವಿಎ ಪ್ಯಾನೆಲ್ ಆದರೆ ಎದುರಿಂದ ಕಪ್ಪು ಚೆನ್ನ, ಓರೆಯಿಂದ ಬಣ್ಣ ತೊಳೆದುಹೋದ ಹಾಗಿರುತ್ತದೆ. ಐಪಿಎಸ್ ಆದರೆ ಓರೆಯಿಂದಲೂ ಬಣ್ಣ ನಿಲ್ಲುತ್ತದೆ, ಕಪ್ಪು ಮಾತ್ರ ಬೂದು. ಅಜ್ಜಿಯ ದಿವಾನ್ ಎಲ್ಲಿದೆ ಅಂತ ಇಲ್ಲಿ ನೆನಪು ಮಾಡಿಕೊಳ್ಳಿ.

ಬೆಲೆಯ ಮಾತು. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ. 43 ಇಂಚಿನ 4ಕೆ ಎಲ್‌ಇಡಿ 20ರಿಂದ 30 ಸಾವಿರದ ಆಸುಪಾಸು ಸಿಗುತ್ತದೆ. 55 ಇಂಚಿನ ಮಿನಿ ಎಲ್‌ಇಡಿಗೆ ಅದರ ಎರಡು-ಮೂರು ಪಟ್ಟು ತೆಗೆದಿಡಿ.

ಓಎಲ್‌ಇಡಿ

ಪ್ಲಾಸ್ಮಾದ ನಿಜವಾದ ವಾರಸುದಾರ ಇದು. ಇಲ್ಲೂ ಪ್ರತಿ ಚುಕ್ಕೆ ತಾನೇ ಬೆಳಗುತ್ತದೆ, ಆರಿಸಿದರೆ ಪೂರ್ತಿ ಕಪ್ಪು, ಪ್ಲಾಸ್ಮಾಗಿಂತಲೂ ಕಪ್ಪು. ಓರೆಯಿಂದ ನೋಡಿದರೂ ಚೆನ್ನ. ಕರೆಂಟ್ ಪ್ಲಾಸ್ಮಾದ ಅರ್ಧವೂ ಬೇಡ. 4ಕೆ, ಬೆಳಕು-ಕತ್ತಲಿನ ಅಂತರವನ್ನು ಇನ್ನೂ ಚೆನ್ನಾಗಿ ತೋರಿಸುವ ಎಚ್‌ಡಿಆರ್ ಎಲ್ಲ ಇದೆ, ಮನೆಗೆ ಬಂದ ಪ್ಲಾಸ್ಮಾಗಳಲ್ಲಿ ಇವು ಇರಲೇ ಇಲ್ಲ. 55 ಇಂಚಿಗೆ ಒಂದು ಲಕ್ಷದ ಆಚೀಚೆ.

ಎರಡು ತಕರಾರು ಇದೆ. ಚುಕ್ಕೆ ಚಕ್ಕನೆ ಬದಲಾದರೂ ಚಿತ್ರ ಎಲ್‌ಇಡಿಯ ಹಾಗೇ ನಿಂತು ಕಾಯುತ್ತದೆ. ಹಾಗಾಗಿ ಓಟದ ದೃಶ್ಯದಲ್ಲಿ ಪ್ಲಾಸ್ಮಾ ಕಣ್ಣಿಗೆ ಒಗ್ಗಿದವರಿಗೆ ಏನೋ ಕಡಿಮೆ ಅನಿಸುತ್ತದೆ. ಮತ್ತೆ ಅಚ್ಚಿನ ಭಯ ಇಲ್ಲೂ ಇದೆ. ದಿನಕ್ಕೆ 8 ಗಂಟೆ ನ್ಯೂಸ್ ನೋಡುವ ಮನೆಗೆ ಲಕ್ಷ ರೂಪಾಯಿಯ ಓಎಲ್‌ಇಡಿ ತರುವುದು, ಪೂಜೆ ಸೀರೆ ಉಟ್ಟು ಗದ್ದೆಗೆ ಇಳಿದ ಹಾಗೆ. ರಾತ್ರಿ ಸಿನಿಮಾ ನೋಡುವವರು, ಗೇಮ್ ಆಡುವವರು, ಕಿಟಕಿಗೆ ಕರ್ಟನ್ ಹಾಕಿ ಕತ್ತಲು ಮಾಡಬಲ್ಲವರು ಕಣ್ಣು ಮುಚ್ಚಿ ತಗೊಳ್ಳಿ.

ಯಾರಿಗೆ ಯಾವುದು

ಹಾಲ್‌ಗೆ ಎರಡು ಕಡೆ ಕಿಟಕಿ, ಮಧ್ಯಾಹ್ನದ ಸೀರಿಯಲ್, ಬಜೆಟ್ 30,000 ಒಳಗೆ: ಮಾಮೂಲಿ 43 ಇಂಚಿನ ಎಲ್‌ಇಡಿ. ಯೋಚನೆಯೇ ಬೇಡ. ಅದೇ ಹಾಲ್, ಬಜೆಟ್ ಇನ್ನೊಂದು 40,000 ಜಾಸ್ತಿ, ಮನೆಯಲ್ಲಿ ಕ್ರಿಕೆಟ್ ಹುಚ್ಚು: 55 ಇಂಚಿನ ಮಿನಿ ಎಲ್‌ಇಡಿ.

ಬಾಡಿಗೆ ಮನೆ, ವರ್ಷಕ್ಕೊಮ್ಮೆ ಮನೆ ಬದಲಾಯಿಸುವವರು ಪ್ಲಾಸ್ಮಾ ತಂಟೆಗೆ ಹೋಗಬೇಡಿ. ಅದು 25-30 ಕೆ.ಜಿ. ಗಾಜು. ಟೆಂಪೋದಲ್ಲಿ ಮಲಗಿಸಿ ತಂದು ಒಡೆದುಕೊಂಡವರನ್ನು ನೋಡಿದ್ದೇನೆ.

ಹಾಗಾದರೆ ಹಳೆ ಪ್ಲಾಸ್ಮಾ ಯಾರಿಗೆ? ಹಾಲ್‌ನಲ್ಲಿ ಒಂದು ಟಿವಿ ಆಗಲೇ ಇದೆ, ಮಹಡಿ ಮೇಲೆ ಕತ್ತಲ ಕೋಣೆ ಇದೆ, ವಾರಕ್ಕೆ ನಾಲ್ಕಾರು ಗಂಟೆ ಸಿನಿಮಾ-ಮ್ಯಾಚ್ ನೋಡುತ್ತೀರಿ, ಕೆಟ್ಟರೆ ಕೈ ತೊಳೆದುಕೊಳ್ಳಲು ಸಿದ್ಧ. ಅಂಥವರಿಗೆ ಕೆಲವು ಸಾವಿರಕ್ಕೆ ಇದಕ್ಕಿಂತ ಚೆನ್ನಾದ ಚಿತ್ರ ಸಿಗಲ್ಲ. ವಾರಕ್ಕೆ ಆರು ಗಂಟೆ ಅಂದರೆ ತಿಂಗಳಿಗೆ ಎಂಟು ಯೂನಿಟ್ ಒಳಗೇ, ಬಿಲ್ಲಿನ ಮಾತೇ ಬರುವುದಿಲ್ಲ. ಎಚ್‌ಡಿಎಂಐ ತೂತಿಗೆ ಒಂದು ಸ್ಟಿಕ್ ಚುಚ್ಚಿದರೆ ಸ್ಮಾರ್ಟ್ ಟಿವಿಯೂ ಆಯ್ತು.

ತಗೊಳ್ಳುವ ಮುಂಚೆ ಹೀಗೆ ಪರೀಕ್ಷೆ ಮಾಡಿ. ಒಂದು ಪೆನ್‌ಡ್ರೈವ್‌ನಲ್ಲಿ ಪೂರ್ತಿ ಬೂದು, ಕೆಂಪು, ಹಸಿರು, ನೀಲಿ, ಬಿಳಿ, ಹೀಗೆ ಐದು ಖಾಲಿ ಚಿತ್ರ ಹಾಕಿಕೊಂಡು ಹೋಗಿ. ಬೂದು ಮತ್ತು ಬಿಳಿಯಲ್ಲಿ ಲೋಗೋ, ಪಟ್ಟಿಯ ಅಚ್ಚು ಇದ್ದರೆ ಥಟ್ಟನೆ ಕಾಣುತ್ತದೆ. ಅಡ್ಡ ಗೆರೆ, ಮಿನುಗುವ ಕೆಂಪು-ಹಸಿರು ಚುಕ್ಕೆ ಕಂಡರೆ ಗೂಡುಗಳಿಗೆ ಕರೆಂಟ್ ಕೊಡುವ ವೈ-ಸಸ್ ಬೋರ್ಡೋ ಪ್ಯಾನೆಲ್ಲೋ ಕೈಕೊಡುತ್ತಿದೆ ಅಂತ. ಬಿಡಿ, ಬೋರ್ಡ್ ಹುಡುಕುವುದೇ ಕಷ್ಟ. ಧ್ವನಿ ಮ್ಯೂಟ್ ಮಾಡಿ ಕಿವಿ ಕೊಡಿ. ಸಣ್ಣ ಗುಂಯ್ ಸಹಜ, ದೂರ ಕೂತರೂ ಕೇಳಿಸಿದರೆ ಬೇಡ. ಅರ್ಧ ಗಂಟೆ ಓಡಿಸಿ ನೋಡಿ, ಕೆಲವು ಬಿಸಿಯಾದ ಮೇಲೇ ತಮ್ಮ ದೋಷ ತೋರಿಸುತ್ತವೆ. ತರುವಾಗ ನಿಲ್ಲಿಸಿಯೇ ತನ್ನಿ. ಗೋಡೆಗೆ ಹಾಕುವುದಾದರೆ ಇಟ್ಟಿಗೆ ಗೋಡೆಗೇ ಹಾಕಿ, ಎಲ್‌ಇಡಿಯ ತೆಳು ಬ್ರಾಕೆಟ್ ನಂಬಬೇಡಿ.

ಭಾವನಿಗೆ ಇಷ್ಟೂ ಹೇಳಿದೆ. ಮರುದಿನ ಅವರು ಬೂದು ಚಿತ್ರ ಹಾಕಿ ಫೋಟೋ ಕಳಿಸಿದರು. ಪರದೆ ಕ್ಲೀನ್, ಒಂದು ಗುರುತೂ ಇಲ್ಲ. ಆದರೆ ಅವರ ಹಾಲ್ ಪೂರ್ವಕ್ಕೆ, ಪೂರ್ತಿ ಗಾಜಿನ ಕಿಟಕಿ, ಮನೆಯ ಬಳಕೆ ಆಗಲೇ ತಿಂಗಳಿಗೆ 180 ಯೂನಿಟ್. ಅಕ್ಕ ಗೆದ್ದಳು, 43 ಇಂಚಿನ ಎಲ್‌ಇಡಿ ಬಂತು. ಡಬ್ಬಾ ಮಗನ ಕೋಣೆಗೆ ಹೋಯಿತು, ಅವನಿಗೇನೂ ಖುಷಿಯಾದ ಹಾಗಿಲ್ಲ.

ಆ 50 ಇಂಚು ಎಲ್ಲಿ ಹೋಯಿತು ಅಂತ ಕೇಳುತ್ತೀರಾ? ಗೆಳೆಯನ ಓಮ್ನಿ ತಗೊಂಡು ಹಾಸನಕ್ಕೆ ಹೋದೆ. ಎರಡೂ ಕಡೆ ಹಾಸಿಗೆ ಒತ್ತಿ, ನಿಲ್ಲಿಸಿಕೊಂಡು ತಂದೆ. ಮಹಡಿಗೆ ಹತ್ತಿಸಲು ನಾಲ್ಕು ಜನ ಬೇಕಾಯಿತು. "ಒಂದಿತ್ತಲ್ಲ, ಮತ್ತೊಂದ್ಯಾಕೆ?" ಅಂತ ನಮ್ಮನೆಯವಳು ಕೇಳಿದ್ದಕ್ಕೆ ಇನ್ನೂ ಉತ್ತರ ಕೊಟ್ಟಿಲ್ಲ.